ಶಾಲೆಯ ಕಂಪ್ಯೂಟರ್‌ಗೆ ಯಾವ ಬೀಗ ಸೂಕ್ತ: ಕೊಡಗಿನ ಲ್ಯಾಬ್‌ಗಳಿಗಾಗಿ ಒಂದು ಹೋಲಿಕೆ

ಸೋಮವಾರಪೇಟೆ ಕಡೆಯ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬನ್ನು ನಾನು ಕೆಲವು ವರ್ಷ ನೋಡಿಕೊಂಡಿದ್ದೆ. ಹನ್ನೆರಡು ಯಂತ್ರಗಳಿದ್ದ ಆ ಲ್ಯಾಬ್ ಸಂಜೆ ನಾಲ್ಕೂವರೆಗೆ ತಾನಾಗಿಯೇ ಬೀಗ ಹಾಕಿಕೊಳ್ಳಲಿ ಎಂದು, ಸೈಬರ್ ಕೆಫೆಗಳಲ್ಲಿ ಬಳಸುವಂಥ ಸಮಯ ನಿಯಂತ್ರಣದ ತಂತ್ರಾಂಶವೊಂದನ್ನು ಎಲ್ಲದರಲ್ಲೂ ಹಾಕಿದ್ದೆವು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಲು ಹೋದರೆ ವಿಂಡೋಸ್ ಅಡ್ಮಿನ್ (ಯಂತ್ರದ ಮೇಲೆ ಪೂರ್ಣ ಅಧಿಕಾರವುಳ್ಳ ಖಾತೆ) ಪಾಸ್‌ವರ್ಡ್ ಕೇಳುತ್ತಿದ್ದುದರಿಂದ ನಾವು ನಿಶ್ಚಿಂತರಾಗಿದ್ದೆವು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗಡಿಯಾರವನ್ನು ಮುಟ್ಟಲಿಲ್ಲ, ಕಾಲವಲಯವನ್ನು ಮುಟ್ಟಿದ. ಕಾಲವಲಯ ಬದಲಿಸುವ ಹಕ್ಕನ್ನು ವಿಂಡೋಸ್ ಸಾಮಾನ್ಯ ಬಳಕೆದಾರರಿಗೂ ಕೊಟ್ಟಿರುತ್ತದೆ. ಅವನು ಭಾರತವನ್ನು ಬಿಟ್ಟು ಅಬುಧಾಬಿ, ಮಸ್ಕತ್ ಎಂದು ಆರಿಸಿಕೊಂಡ ಕ್ಷಣ ನಾಲ್ಕೂವರೆ ಹೋಗಿ ಮೂರು ಗಂಟೆಯಾಯಿತು. ಬೀಗದ ತಂತ್ರಾಂಶ ವಿಧೇಯತೆಯಿಂದ ಇನ್ನೂ ಒಂದೂವರೆ ಗಂಟೆ ಸುಮ್ಮನೆ ಕುಳಿತಿತು.

ನಾವು ಚಾಪೆಯ ಕೆಳಗೆ ತೂರಿದರೆ ಮಕ್ಕಳು ರಂಗೋಲಿಯ ಕೆಳಗೆ ತೂರುತ್ತಾರೆ ಎನ್ನುವುದು ಇಲ್ಲಿ ಅಕ್ಷರಶಃ ನಿಜ. ಕೊಡಗಿನವರಿಗೆ ಇನ್ನೊಂದು ಚಿತ್ರ ಹೆಚ್ಚು ಪರಿಚಿತವಾಗಿರಬಹುದು: ತೋಟದ ಸುತ್ತ ಸೋಲಾರ್ ಬೇಲಿ ಹಾಕಿದರೆ, ಕಾಡಾನೆ ತಂತಿಯನ್ನು ಮುಟ್ಟುವ ಗೋಜಿಗೆ ಹೋಗದೆ ಪಕ್ಕದ ಮರವನ್ನು ಅದರ ಮೇಲೆ ಉರುಳಿಸಿ ದಾಟಿ ಬರುತ್ತದೆ. ಬೀಗದ ತಂತ್ರಾಂಶವೂ ಹಾಗೆಯೇ. ಅದು ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಕುಳಿತಿರುವ ಒಂದು ಪ್ರೋಗ್ರಾಂ ಮಾತ್ರ. ಅದನ್ನು ಮುಟ್ಟದೆ, ಅದರ ಕೆಳಗಿನ ಪದರದಿಂದ ಬಂದವರನ್ನು ಅದು ತಡೆಯಲಾರದು. ಆದ್ದರಿಂದ ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವುದಕ್ಕೆ ಮೊದಲು ಯಾವ ಪದರದಲ್ಲಿ ಬೀಗ ಹಾಕುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಆಯ್ಕೆಗೆ ಮೊದಲು

ಪೇಟೆಯ ಶಾಲೆಗಳಿಗೆ ಬರೆದ ಸಲಹೆಗಳು ನಮ್ಮಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಅಲ್ಲಿ ಯಂತ್ರ ಕೆಟ್ಟರೆ ಮಧ್ಯಾಹ್ನದೊಳಗೆ ಯಾರಾದರೂ ಬಂದು ನೋಡುತ್ತಾರೆ. ಭಾಗಮಂಡಲದ ಕಡೆಯೋ ಶಾಂತಳ್ಳಿಯ ಕಡೆಯೋ ಇರುವ ಶಾಲೆಯಲ್ಲಿ ಸಿಪಿಯುವನ್ನು ಕಾರಿನಲ್ಲೋ ಬಸ್ಸಿನಲ್ಲೋ ಮಡಿಕೇರಿಗೆ ಅಥವಾ ಕುಶಾಲನಗರಕ್ಕೆ ಒಯ್ಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಇಂಟರ್ನೆಟ್ಟೂ ಹೋಗುತ್ತದೆ, ಕಕ್ಕಡ ತಿಂಗಳ ಮಳೆಗೆ ಶಾಲೆಗೇ ರಜೆ ಕೊಟ್ಟು ಲ್ಯಾಬಿನ ಬಾಗಿಲು ದಿನಗಟ್ಟಲೆ ಮುಚ್ಚಿರುತ್ತದೆ. ಲ್ಯಾಬನ್ನು ನೋಡಿಕೊಳ್ಳುವವರು ಬಹುತೇಕ ಗಣಿತದ ಅಥವಾ ವಿಜ್ಞಾನದ ಶಿಕ್ಷಕರು. ಅವರಿಗೆ ವರ್ಗಾವಣೆಯಾದರೆ ಪಾಸ್‌ವರ್ಡ್ ಕೂಡ ಅವರ ಜೊತೆಯಲ್ಲೇ ಹೋಗುತ್ತದೆ.

ಹೀಗಿರುವಾಗ ನನ್ನ ಅಳತೆಗೋಲು ಒಂದೇ. ಅತಿ ಗಟ್ಟಿಯಾದ ಬೀಗ ಯಾವುದು ಎಂದು ನಾನು ನೋಡುವುದಿಲ್ಲ. ಯಾರಾದರೂ ಅದನ್ನು ಮುರಿದ ಮೇಲೆ, ಅಥವಾ ಅದೇ ಕೆಟ್ಟು ನಿಂತ ಮೇಲೆ, ತಂತ್ರಜ್ಞರಿಲ್ಲದೆ ಎಷ್ಟು ಬೇಗ ಲ್ಯಾಬ್ ಮತ್ತೆ ತರಗತಿಗೆ ಸಿಗುತ್ತದೆ ಎಂದು ನೋಡುತ್ತೇನೆ. ಕೆಳಗಿನ ಎಲ್ಲ ಹೋಲಿಕೆಗಳನ್ನು ಇದೇ ದೃಷ್ಟಿಯಿಂದ ಮಾಡಿದ್ದೇನೆ. ನಿಮ್ಮ ಶಾಲೆಯಲ್ಲಿ ಪೂರ್ಣಾವಧಿಯ ಕಂಪ್ಯೂಟರ್ ಶಿಕ್ಷಕರಿದ್ದರೆ ಕೆಲವು ಕಡೆ ನನ್ನ ತೀರ್ಮಾನ ನಿಮಗೆ ಬೇರೆಯಾಗಿ ಕಾಣಬಹುದು.

ಎಲ್ಲ ಆಯ್ಕೆಗಳಿಗೂ ಬೇಕಾದ ತಳಪಾಯ

ಮುಂದೆ ಹೇಳುವ ಯಾವುದೇ ಮಾರ್ಗವನ್ನು ಆರಿಸಿಕೊಂಡರೂ ಮೂರು ಕೆಲಸಗಳನ್ನು ಬಿಡುವಂತಿಲ್ಲ. ಮೂರಕ್ಕೂ ಹೆಚ್ಚು ಹಣ ಬೇಕಾಗಿಲ್ಲ, ಆದರೂ ನಾನು ನೋಡಿದ ಲ್ಯಾಬ್‌ಗಳಲ್ಲಿ ಹೆಚ್ಚಿನವು ಇವನ್ನು ಬಿಟ್ಟು ನೇರವಾಗಿ ತಂತ್ರಾಂಶ ಕೊಳ್ಳಲು ಹೊರಟಿದ್ದವು.

ಮೊದಲನೆಯದು ಖಾತೆಗಳ ವಿಂಗಡಣೆ. ಮಕ್ಕಳು ಬಳಸುವ ಖಾತೆ ಸಾಮಾನ್ಯ ಬಳಕೆದಾರರ ಖಾತೆಯಾಗಿರಬೇಕು, ಅಡ್ಮಿನ್ ಖಾತೆ ಬೇರೆಯಾಗಿರಬೇಕು. ಯಂತ್ರ ಕೊಟ್ಟವರು ವಿಂಡೋಸ್ ಹಾಕುವಾಗ ಮಾಡುವ ಮೊದಲ ಖಾತೆ ಯಾವಾಗಲೂ ಅಡ್ಮಿನ್ ಆಗಿರುತ್ತದೆ. ಅದನ್ನೇ ‘ಸ್ಟೂಡೆಂಟ್’ ಎಂದು ಹೆಸರಿಟ್ಟು ಮಕ್ಕಳಿಗೆ ಬಿಟ್ಟುಕೊಟ್ಟ ಲ್ಯಾಬ್‌ಗಳು ಕಡಿಮೆಯಿಲ್ಲ. ಅಡ್ಮಿನ್ ಕೈಗೆ ಸಿಕ್ಕ ಮೇಲೆ ಯಾವ ಬೀಗದ ತಂತ್ರಾಂಶವನ್ನಾದರೂ ನಿಲ್ಲಿಸಬಹುದು, ತೆಗೆದೇ ಹಾಕಬಹುದು. ಶಿಕ್ಷಕರೂ ದಿನನಿತ್ಯದ ಪಾಠಕ್ಕೆ ಅಡ್ಮಿನ್ ಖಾತೆಯನ್ನು ಬಳಸಬಾರದು, ಏಕೆಂದರೆ ಬೆನ್ನ ಹಿಂದೆ ಮೂವತ್ತು ಜೋಡಿ ಕಣ್ಣುಗಳಿರುವಾಗ ಪಾಸ್‌ವರ್ಡ್ ಒತ್ತುವುದು ಅದನ್ನು ಬೋರ್ಡಿನ ಮೇಲೆ ಬರೆದಂತೆಯೇ. ಶಾಲೆಯ ಹೆಸರಿನ ಮುಂದೆ ಅಟ್ ಚಿಹ್ನೆ ಹಾಕಿ 123 ಸೇರಿಸಿದ ಪಾಸ್‌ವರ್ಡನ್ನು ಮಕ್ಕಳು ಎರಡನೆಯ ಯತ್ನದಲ್ಲೇ ಕಂಡುಹಿಡಿಯುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಅದನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಬೇಕು. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಆ ಲಕೋಟೆಯೂ ಒಂದು ಬಾಬತ್ತಾಗಿರಬೇಕು.

ಎರಡನೆಯದು ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಚಾಲೂ ಮಾಡುವ ಒಳಗಿನ ಪ್ರೋಗ್ರಾಂ. ಪೆನ್‌ಡ್ರೈವ್‌ನಿಂದ ಯಂತ್ರವನ್ನು ಚಾಲೂ ಮಾಡಲು ಸಾಧ್ಯವಾದರೆ ಒಳಗಿನ ಡಿಸ್ಕಿನಲ್ಲಿರುವ ವಿಂಡೋಸ್ ನಿದ್ದೆ ಮಾಡುತ್ತಿರುತ್ತದೆ. ಅದರ ಪಾಸ್‌ವರ್ಡ್, ಅದರ ಮೇಲಿನ ತಂತ್ರಾಂಶ, ಯಾವುದೂ ಎಚ್ಚರವಾಗಿರುವುದಿಲ್ಲ. ಆದ್ದರಿಂದ ಬಯೋಸ್‌ನಲ್ಲಿ ಡಿಸ್ಕ್ ಒಂದನ್ನೇ ಬೂಟ್ (ಚಾಲನೆಯ) ಪಟ್ಟಿಯಲ್ಲಿಟ್ಟು, ಪೆನ್‌ಡ್ರೈವ್ ಮತ್ತು ನೆಟ್‌ವರ್ಕ್ ಬೂಟ್‌ಗಳನ್ನು ಮುಚ್ಚಿ, ಬೂಟ್ ಮೆನು ತೆರೆಯುವ ಕೀಲಿಯನ್ನೂ ನಿಷ್ಕ್ರಿಯಗೊಳಿಸಿ, ಬಯೋಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಬೇಕು. ಯಂತ್ರ ಆರಂಭವಾಗುವಾಗಲೇ ಕೇಳುವ ಪಾಸ್‌ವರ್ಡ್ ಬೇರೆ. ಅದನ್ನು ಹಾಕಿದರೆ ಪ್ರತಿ ತರಗತಿಗೂ ಶಿಕ್ಷಕರು ಹನ್ನೆರಡು ಯಂತ್ರಗಳ ಮುಂದೆ ಬಾಗಬೇಕಾಗುತ್ತದೆ, ಹಾಗಾಗಿ ಅದು ಬೇಡ. ಅಧಿಕೃತ ಡಿಜಿಟಲ್ ಸಹಿಯಿಲ್ಲದ ವ್ಯವಸ್ಥೆ ಚಾಲೂ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಸೌಲಭ್ಯವಿದ್ದರೆ ಚಾಲನೆಯಲ್ಲಿರಲಿ.

ಮೂರನೆಯದು ಕಬ್ಬಿಣದ ಬೀಗ. ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಸಣ್ಣ ಬಿಲ್ಲೆಯಂಥ ಬ್ಯಾಟರಿಯನ್ನು ತೆಗೆದು ಹಾಕಿದರೆ ಅಥವಾ ಬೋರ್ಡಿನ ಮೇಲಿನ ರೀಸೆಟ್ ಜಂಪರನ್ನು ಬಳಸಿದರೆ ಬಯೋಸ್ ಪಾಸ್‌ವರ್ಡ್ ಅಳಿಸಿಹೋಗುತ್ತದೆ. ಅನೇಕ ಸಿಪಿಯು ಡಬ್ಬಿಗಳ ಹಿಂಭಾಗದಲ್ಲಿ ಸಣ್ಣ ಬೀಗ ಹಾಕಲು ಕೊಂಡಿ ಇರುತ್ತದೆ. ಕೆಲವೇ ರೂಪಾಯಿಯ ಬೀಗವೊಂದು ಸಾವಿರಾರು ರೂಪಾಯಿಯ ತಂತ್ರಾಂಶಕ್ಕೆ ಕಾವಲಾಗುತ್ತದೆ. ಮಳೆನಾಡಿನವರಿಗೆ ಇಲ್ಲೊಂದು ಉಪಮಾತು. ಹಳೆಯದಾದ ಆ ಬಿಲ್ಲೆ ಬ್ಯಾಟರಿ, ಯಂತ್ರಕ್ಕೆ ಕರೆಂಟೇ ಇಲ್ಲದ ಉದ್ದನೆಯ ರಜೆಯಲ್ಲಿ ಪೂರ್ತಿ ಇಳಿದುಹೋಗಬಹುದು. ಮರಳಿ ಬಂದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಬೂಟ್ ಕ್ರಮ ಮೊದಲಿನ ಸ್ಥಿತಿಗೆ ಮರಳಿರುತ್ತದೆ, ಅಂದರೆ ನೀವು ಹಾಕಿದ ತಳಪಾಯ ಯಾರೂ ಮುಟ್ಟದೆಯೇ ಕಳಚಿರುತ್ತದೆ. ಸಿಆರ್2032 ಎಂಬ ಈ ಬ್ಯಾಟರಿ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಎಲ್ಲ ಹಳೆಯ ಯಂತ್ರಗಳದ್ದನ್ನೂ ಬದಲಿಸಿಬಿಡುವುದು ಜಾಣತನ.

ಬೀಗದ ತಂತ್ರಾಂಶವನ್ನಷ್ಟೇ ನಂಬಿದರೆ

ತಳಪಾಯವಿದ್ದರೂ, ಪರದೆಯ ಮೇಲೆ ಬೀಗ ತೋರಿಸುವ ಅಥವಾ ಸಮಯ ಎಣಿಸುವ ತಂತ್ರಾಂಶವನ್ನು ಏಕೈಕ ರಕ್ಷಣೆಯಾಗಿ ನಾನು ಯಾರಿಗೂ ಸೂಚಿಸುವುದಿಲ್ಲ. ಇಂಥ ಅನೇಕ ತಂತ್ರಾಂಶಗಳು ಸೇಫ್ ಮೋಡ್‌ನಲ್ಲಿ, ಅಂದರೆ ವಿಂಡೋಸನ್ನು ಅಗತ್ಯ ಭಾಗಗಳಷ್ಟರಿಂದಲೇ ಚಾಲೂ ಮಾಡಿದಾಗ, ಮೇಲೇಳುವುದೇ ಇಲ್ಲ. ಕೆಲವು ಸರ್ವರ್ ಯಂತ್ರದ ಜೊತೆ ಸಂಪರ್ಕ ತಪ್ಪಿದರೆ ಬಾಗಿಲು ತೆರೆದುಬಿಡುತ್ತವೆ, ಅಂದರೆ ನೆಟ್‌ವರ್ಕ್ ಕೇಬಲ್ ಎಳೆದರೆ ಸಾಕು. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವೇ: ಸೇಫ್ ಮೋಡ್‌ನಲ್ಲಿ ಏನಾಗುತ್ತದೆ, ಕೇಬಲ್ ಎಳೆದಾಗ ಏನಾಗುತ್ತದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸಾಮಾನ್ಯ ಬಳಕೆದಾರರು ಅದನ್ನು ನಿಲ್ಲಿಸಬಲ್ಲರೇ, ಕಾಲವಲಯ ಬದಲಿಸಿದರೆ ಏನಾಗುತ್ತದೆ. ಮಾರುವವರ ಬಳಿ ಉತ್ತರವಿಲ್ಲದಿದ್ದರೆ ಅದೇ ಉತ್ತರ. ಗಂಟೆಗಳನ್ನು ಹಂಚಿಕೊಡಲು, ಅಂದರೆ ಯಾವ ಮಗುವಿಗೆ ಎಷ್ಟು ಹೊತ್ತು ಎಂಬ ಲೆಕ್ಕಕ್ಕೆ, ಇವು ಉಪಯುಕ್ತ. ಆ ಲೆಕ್ಕವನ್ನು ಒಂದು ಹಾಜರಿ ಪುಸ್ತಕವೂ ಇಡಬಲ್ಲದು.

ವಿಂಡೋಸ್‌ನಲ್ಲೇ ಇರುವ ನಿರ್ಬಂಧಗಳು

ಇಲ್ಲಿ ಎಲ್ಲವೂ ಆವೃತ್ತಿಯ ಮೇಲೆ ನಿಂತಿದೆ. ದಾನವಾಗಿ ಬಂದ ಯಂತ್ರಗಳಲ್ಲಿ ಸಾಮಾನ್ಯವಾಗಿ ವಿಂಡೋಸ್ ಹೋಮ್ ಇರುತ್ತದೆ. ಅದರಲ್ಲಿ ನಿರ್ಬಂಧಗಳನ್ನು ಬರೆಯುವ ಗ್ರೂಪ್ ಪಾಲಿಸಿ ಸಂಪಾದಕವಿಲ್ಲ, ಒಂದೇ ಅಪ್ಲಿಕೇಶನ್ನಿಗೆ ಯಂತ್ರವನ್ನು ಕಟ್ಟಿಹಾಕುವ ಕಿಯೋಸ್ಕ್ ವ್ಯವಸ್ಥೆಯೂ ಇಲ್ಲ. ಪ್ರೊ ಅಥವಾ ಎಜುಕೇಶನ್ ಆವೃತ್ತಿಯಿದ್ದರೆ ಹೆಚ್ಚು ದಾರಿಗಳು ತೆರೆಯುತ್ತವೆ.

ಅವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಆ್ಯಪ್‌ಲಾಕರ್. ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗಳಲ್ಲಿ ಇರುವುದು ಮಾತ್ರ ಓಡಲಿ, ಉಳಿದದ್ದು ಬೇಡ ಎಂದು ಅದರಲ್ಲಿ ನಿಯಮ ಹಾಕಬಹುದು. ಆ ಫೋಲ್ಡರ್‌ಗಳಲ್ಲಿ ಕೆಲವು ಒಳಜಾಗಗಳನ್ನು ಬಿಟ್ಟರೆ ಸಾಮಾನ್ಯ ಬಳಕೆದಾರರು ಏನನ್ನೂ ಬರೆಯಲಾರರಾದ್ದರಿಂದ, ಪೆನ್‌ಡ್ರೈವ್‌ನಲ್ಲಿ ತಂದ ಆಟ, ಅನುಸ್ಥಾಪನೆ ಬೇಡದ ಬ್ರೌಸರ್, ಡೌನ್‌ಲೋಡ್ ಮಾಡಿಕೊಂಡ ವಿಪಿಎನ್ ಎಲ್ಲವೂ ಒಂದೇ ಏಟಿಗೆ ನಿಲ್ಲುತ್ತವೆ. ಮಕ್ಕಳು ಬೀಗ ತಪ್ಪಿಸಿಕೊಳ್ಳಲು ಬಳಸುವ ದಾರಿಗಳಲ್ಲಿ ಹೆಚ್ಚಿನವು ಇವೇ ಆದ್ದರಿಂದ, ಒಂದೇ ಒಂದು ನಿರ್ಬಂಧಕ್ಕೆ ಸಮಯವಿದ್ದರೆ ಇದನ್ನು ಮಾಡಿ ಎನ್ನುತ್ತೇನೆ. ಹಿಂದೆ ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಆವೃತ್ತಿಗಳಲ್ಲಷ್ಟೇ ಜಾರಿಯಾಗುತ್ತಿದ್ದ ಈ ಸೌಲಭ್ಯದ ಮೇಲಿನ ಆವೃತ್ತಿಯ ಕಟ್ಟುಪಾಡನ್ನು ಮೈಕ್ರೋಸಾಫ್ಟ್ ನಂತರದ ಅಪ್‌ಡೇಟ್‌ಗಳಲ್ಲಿ ಸಡಿಲಿಸಿದೆ. ಇದರ ಜೊತೆಗೆ ಅಡ್ಮಿನ್ ಅಲ್ಲದವರು ಸೇಫ್ ಮೋಡ್‌ನಲ್ಲಿ ಲಾಗಿನ್ ಆಗದಂತೆ ಮಾಡುವ ‘ಸೇಫ್‌ಮೋಡ್‌ಬ್ಲಾಕ್‌ನಾನ್‌ಅಡ್ಮಿನ್ಸ್’ ಎಂಬ ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ಮೌಲ್ಯವನ್ನೂ, ಕಾಲವಲಯ ಬದಲಿಸುವ ಹಕ್ಕನ್ನು ಹಿಂತೆಗೆದುಕೊಳ್ಳುವ ಪಾಲಿಸಿಯನ್ನೂ ಸೇರಿಸಿಕೊಳ್ಳಬಹುದು. ಎರಡನೆಯದು ನನಗೆ ಯಾಕೆ ಗೊತ್ತು ಎಂದು ಹೇಳಬೇಕಾಗಿಲ್ಲ.

ಬಳಕೆದಾರರ ಪಾಲಿಸಿಗಳನ್ನು ಹಾಕುವಾಗ ಒಂದು ಎಚ್ಚರಿಕೆ ಬೇಕು. ಸಾಮಾನ್ಯ ರೀತಿಯಲ್ಲಿ ಸಂಪಾದಕವನ್ನು ತೆರೆದು ಹಾಕಿದ ನಿರ್ಬಂಧ ಅಡ್ಮಿನ್‌ಗೂ ಅನ್ವಯವಾಗುತ್ತದೆ; ಕಂಟ್ರೋಲ್ ಪ್ಯಾನೆಲ್ ಮುಚ್ಚಿ ತಾವೇ ಹೊರಗುಳಿದ ಶಿಕ್ಷಕರಿದ್ದಾರೆ. ಎಂಎಂಸಿ ಎಂಬ ವಿಂಡೋಸ್‌ನ ನಿರ್ವಹಣಾ ಕಿಟಕಿಯಲ್ಲಿ ಗ್ರೂಪ್ ಪಾಲಿಸಿಯನ್ನು ಸೇರಿಸಿಕೊಂಡು ‘ನಾನ್ ಅಡ್ಮಿನಿಸ್ಟ್ರೇಟರ್ಸ್’ ಗುಂಪನ್ನು ಆರಿಸಿ ಅಲ್ಲಿ ನಿಯಮ ಬರೆದರೆ ಮಕ್ಕಳ ಖಾತೆಗೆ ಮಾತ್ರ ತಟ್ಟುತ್ತದೆ.

ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ವಿಷಯದಲ್ಲಿ ನನ್ನ ಅಭಿಪ್ರಾಯ ಪುಸ್ತಕದ ಸಲಹೆಗೆ ತುಸು ಓರೆಯಾಗಿದೆ. ಡಿಸ್ಕನ್ನು ಗೂಢಲಿಪೀಕರಿಸಿದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದವರಿಗೂ, ಡಿಸ್ಕನ್ನೇ ಕಳಚಿ ಒಯ್ದವರಿಗೂ ಒಳಗಿನದು ಸಿಗುವುದಿಲ್ಲ ಎಂಬುದು ಸರಿ. ಆದರೆ ಮೇಲೆ ಹೇಳಿದ ಬಿಲ್ಲೆ ಬ್ಯಾಟರಿ ಸತ್ತು ಬಯೋಸ್ ವ್ಯವಸ್ಥೆ ಬದಲಾದರೆ ಯಂತ್ರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳುವ ಸಾಧ್ಯತೆಯಿದೆ. ಆ ಕೀಲಿ ಹಿಂದಿನ ಶಿಕ್ಷಕರ ಸ್ವಂತ ಮೈಕ್ರೋಸಾಫ್ಟ್ ಖಾತೆಯಲ್ಲಿದ್ದು, ಅವರು ಈಗ ಬೀದರ್‌ನಲ್ಲಿದ್ದರೆ ಆ ಯಂತ್ರ ಅಂದಿಗೆ ಮುಗಿಯಿತು. ಕಚೇರಿಯ ಯಂತ್ರಕ್ಕೆ, ಅಂಕಪಟ್ಟಿ ಮತ್ತು ಮಕ್ಕಳ ವಿವರಗಳಿರುವ ಲ್ಯಾಪ್‌ಟಾಪ್‌ಗೆ ಬಿಟ್‌ಲಾಕರ್ ಖಂಡಿತ ಬೇಕು, ಕೀಲಿಗಳನ್ನು ಮುದ್ರಿಸಿ ಅದೇ ಬೀರುವಿನಲ್ಲಿಡಬೇಕು. ಮಕ್ಕಳ ಲ್ಯಾಬಿನಲ್ಲಿ, ಏನನ್ನೂ ಉಳಿಸದ ಯಂತ್ರಗಳಿಗೆ, ಡಬ್ಬಿಯ ಬೀಗ ಮತ್ತು ಬಯೋಸ್ ಪಾಸ್‌ವರ್ಡ್ ಸಾಕೆನಿಸುತ್ತದೆ.

ಬೀಗಕ್ಕಿಂತ ಮರುಸ್ಥಿತಿ

ನನ್ನ ಒಲವು ಈ ಬಗೆಯ ಕಡೆಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮಕ್ಕಳು ಏನು ಮಾಡಿದರೂ ಮಾಡಲಿ, ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. ಡಿಸ್ಕಿಗೆ ಹೋಗಬೇಕಾದ ಬರಹವನ್ನೆಲ್ಲ ನಡುವೆಯೇ ತಡೆದು ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡು, ಮರುಚಾಲನೆಯಲ್ಲಿ ಅದನ್ನು ಎಸೆದುಬಿಡುವುದು ಇದರ ಒಳಗುಟ್ಟು. ವಾಲ್‌ಪೇಪರ್ ಬದಲಾಯಿಸಿದ್ದು, ಕನ್ನಡ ಫಾಂಟ್ ಅಳಿಸಿದ್ದು, ಪೆನ್‌ಡ್ರೈವ್‌ನಿಂದ ವೈರಸ್ ಬಂದದ್ದು, ಎಲ್ಲಕ್ಕೂ ಮದ್ದು ಒಂದೇ.

ಮೈಕ್ರೋಸಾಫ್ಟ್ ಒಂದು ಕಾಲದಲ್ಲಿ ಇದನ್ನು ಶಾಲೆಗಳಿಗೆ ಉಚಿತವಾಗಿಯೇ ಕೊಡುತ್ತಿತ್ತು. ಎಕ್ಸ್‌ಪಿ ಮತ್ತು ವಿಸ್ಟಾಗಳಿಗಾಗಿ ಇದ್ದ ಸ್ಟೆಡಿಸ್ಟೇಟ್ ಎಂಬ ಆ ಸಲಕರಣೆಯ ವಿತರಣೆಯನ್ನು 2010ರ ಕೊನೆಗೆ ನಿಲ್ಲಿಸಿತು. ಆಗ ಲ್ಯಾಬ್ ನಡೆಸುತ್ತಿದ್ದ ಹಲವರು ಇಂದಿಗೂ ಅದನ್ನು ನೆನೆಯುತ್ತಾರೆ. ಈಗ ಎರಡು ಮುಖ್ಯ ದಾರಿಗಳಿವೆ. ಫಾರೋನಿಕ್ಸ್ ಕಂಪನಿಯ ಡೀಪ್ ಫ್ರೀಜ್ ಹಣ ಕೊಟ್ಟು ಕೊಳ್ಳಬೇಕಾದ, ಯಂತ್ರಕ್ಕೊಂದು ಪರವಾನಗಿ ಬೇಕಾದ ತಂತ್ರಾಂಶ. ಮಕ್ಕಳ ಕೆಲಸ ಉಳಿಯಲು ‘ಥಾಸ್ಪೇಸ್’ ಎಂಬ ಪ್ರತ್ಯೇಕ ಜಾಗವನ್ನು ಅದರಲ್ಲಿ ಬಿಡಬಹುದು, ಅಪ್‌ಡೇಟ್‌ಗಾಗಿ ತಾನೇ ಕರಗಿ ಮತ್ತೆ ಹೆಪ್ಪುಗಟ್ಟುವ ವೇಳಾಪಟ್ಟಿಯನ್ನೂ ಇಡಬಹುದು. ಇನ್ನೊಂದು, ವಿಂಡೋಸ್‌ನ ಎಜುಕೇಶನ್ ಮತ್ತು ಎಂಟರ್‌ಪ್ರೈಸ್ ಆವೃತ್ತಿಗಳೊಳಗೇ ಅಡಗಿರುವ ಯೂನಿಫೈಡ್ ರೈಟ್ ಫಿಲ್ಟರ್. ಇದಕ್ಕೆ ಬೇರೆ ಹಣವಿಲ್ಲ, ಆದರೆ ಪ್ರೊ ಆವೃತ್ತಿಯಲ್ಲಿ ಇದು ಸಿಗುವುದಿಲ್ಲ, ಕಮಾಂಡ್ ಬರೆದೇ ನಡೆಸಬೇಕು, ಮತ್ತು ತಾತ್ಕಾಲಿಕ ಜಾಗವನ್ನು ಸಾಮಾನ್ಯವಾಗಿ ರ್‍ಯಾಮ್‌ನಿಂದಲೇ ತೆಗೆದುಕೊಳ್ಳುತ್ತದೆ. ಆರಂಭದಲ್ಲಿ ಅದಕ್ಕೆ ನಿಗದಿಯಾಗಿರುವುದು 1024 ಎಂಬಿ. 4 ಜಿಬಿ ರ್‍ಯಾಮ್‌ನ ಯಂತ್ರದಲ್ಲಿ ಅದೇ ದೊಡ್ಡ ಪಾಲು. ತುಂಬಿಹೋದರೆ ತರಗತಿಯ ನಡುವೆಯೇ ಮರುಚಾಲನೆ ಮಾಡಬೇಕಾಗುತ್ತದೆ. ಡಿಸ್ಕಿನಲ್ಲೇ ಆ ಜಾಗವನ್ನು ಕೊಡುವ ಆಯ್ಕೆಯಿದೆ, ಹಳೆಯ ಯಂತ್ರಗಳಿಗೆ ಅದು ವಾಸಿ.

ಕೊಡಗಿನ ಮಟ್ಟಿಗೆ ಇದರಿಂದ ಇನ್ನೊಂದು ಲಾಭವಿದೆ. ಯುಪಿಎಸ್ ಕೈಕೊಟ್ಟು ಯಂತ್ರ ದಿಢೀರನೆ ಆರಿಹೋದಾಗ ಅರ್ಧ ಬರೆದ ಸಿಸ್ಟಮ್ ಫೈಲ್‌ಗಳಿಂದ ವಿಂಡೋಸ್ ಕೆಡುವ ಸಾಧ್ಯತೆ ತುಂಬ ಕಡಿಮೆಯಾಗುತ್ತದೆ, ಏಕೆಂದರೆ ಆ ಬರಹ ಮೂಲ ಡಿಸ್ಕನ್ನು ತಲುಪಿಯೇ ಇರುವುದಿಲ್ಲ. ಸಿಡಿಲು ಹೊಡೆದು ಮದರ್‌ಬೋರ್ಡ್ ಸುಟ್ಟರೆ ಇದು ಏನೂ ಮಾಡಲಾರದು. ಅದಕ್ಕೆ ಪ್ಲಗ್ ಕೀಳುವುದೇ ಪರಿಹಾರ.

ಕುಂದುಗಳೂ ಸಣ್ಣವಲ್ಲ. ಮಕ್ಕಳು ತಮ್ಮ ಕೆಲಸವನ್ನು ಡೆಸ್ಕ್‌ಟಾಪ್‌ನಲ್ಲಿ ಉಳಿಸಿ ಮರುದಿನ ಬಂದು ಹುಡುಕಿ ಕಣ್ಣೀರು ಹಾಕುವುದು ಮೊದಲ ತಿಂಗಳು ನಡೆದೇ ನಡೆಯುತ್ತದೆ, ಆದ್ದರಿಂದ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಕಾಪಾಡುವ ಜಾಗಕ್ಕೆ ತಿರುಗಿಸಿಟ್ಟಿರಬೇಕು. ಆ್ಯಂಟಿವೈರಸ್‌ನ ಹೊಸ ಪಟ್ಟಿ, ವಿಂಡೋಸ್ ಅಪ್‌ಡೇಟ್ ಎಲ್ಲವೂ ಮರುಚಾಲನೆಯಲ್ಲಿ ಅಳಿಸಿಹೋಗುವುದರಿಂದ ತಿಂಗಳಿಗೊಮ್ಮೆ ತೆರೆದು, ಅಪ್‌ಡೇಟ್ ಮಾಡಿ, ಮುಚ್ಚಲೇಬೇಕು. ತೆರೆದವರು ಮುಚ್ಚಲು ಮರೆಯುವುದು ಈ ವ್ಯವಸ್ಥೆ ಸೋಲುವ ಅತಿ ಸಾಮಾನ್ಯ ಬಗೆ. ಇದು ಕೂಡ ಬಯೋಸ್ ತಳಪಾಯದ ಮೇಲೆಯೇ ನಿಂತಿದೆ. ಹೊರಗಿನಿಂದ ಬೂಟ್ ಮಾಡಿದವರ ಮುಂದೆ ಹೆಪ್ಪುಗಟ್ಟಿದ ಡಿಸ್ಕೂ ಬರೀ ಡಿಸ್ಕೇ.

ಲಿನಕ್ಸ್: ಅಪರಿಚಿತವಾದದ್ದೆಲ್ಲ ಭದ್ರವಲ್ಲ

ಗಡಿಯಾಚೆಯ ವಯನಾಡು, ಕಣ್ಣೂರಿನ ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವೇ, ಅಂದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯೇ, ಬಳಕೆಯಲ್ಲಿದೆ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಗಿ, 2017ರಲ್ಲಿ ಕೈಟ್ ಸಂಸ್ಥೆಯಾಗಿ ಬದಲಾಗಿ, ಇಡೀ ರಾಜ್ಯಕ್ಕೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಆಧಾರಿತ ವ್ಯವಸ್ಥೆಯನ್ನು ಸಿದ್ಧಪಡಿಸಿ ಕೊಡುತ್ತ ಬಂದಿದೆ. ಹಾಗಾಗಿ ಇದು ಶಾಲೆಗೆ ಒಗ್ಗುತ್ತದೆಯೋ ಇಲ್ಲವೋ ಎಂಬ ಅನುಮಾನ ಬೇಡ.

ನಮ್ಮಲ್ಲಿ ಈಗ ಈ ಪ್ರಶ್ನೆ ತುರ್ತಾಗಲು ಬೇರೆ ಕಾರಣವಿದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಸಾಕಷ್ಟು ಹೊಸ ಪ್ರೊಸೆಸರನ್ನು ಕೇಳುತ್ತದೆ; ಇಂಟೆಲ್‌ನಲ್ಲಾದರೆ ಬಹುಪಾಲು ಎಂಟನೆಯ ಪೀಳಿಗೆಯಿಂದ ಈಚಿನದು. ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಮೂರು ವರ್ಷಗಳ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳನ್ನು ಯಂತ್ರವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರ್ ದರದಲ್ಲಿ ಘೋಷಿಸಿದೆ. ಆದರೆ ಅದು ಸಂಸ್ಥೆಯ ಪರವಾನಗಿ ಒಪ್ಪಂದದ ಮೂಲಕ ಬರುವಂಥದ್ದು. ಆ ಒಪ್ಪಂದವಿಲ್ಲದ, ಹಳೆಯ ಯಂತ್ರಗಳ ಲ್ಯಾಬಿಗೆ ಲಿನಕ್ಸ್ ಸಹಜವಾದ ದಾರಿ. 4 ಜಿಬಿ ರ್‍ಯಾಮ್ ಇರುವಲ್ಲಿ ಉಬುಂಟುವಿನ ಮುಖ್ಯ ಆವೃತ್ತಿಗಿಂತ ಎಕ್ಸ್‌ಎಫ್‌ಸಿಇ ಪರದೆಯ ಹಗುರ ಆವೃತ್ತಿಗಳು ಚುರುಕಾಗಿರುತ್ತವೆ.

ಭದ್ರತೆಯ ದೃಷ್ಟಿಯಿಂದ ಒಂದು ಭ್ರಮೆಯನ್ನು ಬಿಡಬೇಕು. ವಿಂಡೋಸ್ ಆಟಗಳು ಓಡುವುದಿಲ್ಲ, ಮಕ್ಕಳಿಗೆ ಗುಟ್ಟುಗಳು ಗೊತ್ತಿಲ್ಲ ಎಂಬ ಕಾರಣಕ್ಕೆ ಲಿನಕ್ಸ್ ಲ್ಯಾಬ್ ಮೊದಲ ವರ್ಷ ಶಾಂತವಾಗಿರುತ್ತದೆ. ಎರಡನೆಯ ವರ್ಷ ಯಾರೋ ಒಬ್ಬರು, ಯಂತ್ರ ಚಾಲೂ ಆಗುವಾಗ ಬರುವ ಗ್ರಬ್ ಮೆನುವಿನ ರಿಕವರಿ ಆಯ್ಕೆಯನ್ನು ಕಂಡುಹಿಡಿಯುತ್ತಾರೆ. ಅಲ್ಲಿಂದ ರೂಟ್ ಅಧಿಕಾರಕ್ಕೆ, ಅಂದರೆ ಲಿನಕ್ಸ್‌ನ ಅಡ್ಮಿನ್ ಅಧಿಕಾರಕ್ಕೆ, ದೂರವಿಲ್ಲ. ಆದ್ದರಿಂದ ಗ್ರಬ್‌ಗೆ ಪಾಸ್‌ವರ್ಡ್ ಹಾಕಬೇಕು, ಆದರೆ ದಿನನಿತ್ಯದ ಬೂಟ್‌ಗೆ ಅದು ಕೇಳದಂತೆ, ಮೆನುವನ್ನು ತಿದ್ದಲು ಮತ್ತು ರಿಕವರಿಗೆ ಹೋಗಲು ಮಾತ್ರ ಕೇಳುವಂತೆ ಇಡಬೇಕು. ವಿದ್ಯಾರ್ಥಿ ಖಾತೆಯನ್ನು ಅಡ್ಮಿನ್ ಕೆಲಸಕ್ಕೆ ಅನುಮತಿಯಿರುವ ಸುಡೊ ಗುಂಪಿನಿಂದ ಹೊರಗಿಟ್ಟು, ಬಳಕೆದಾರರ ಕಡತಗಳಿರುವ ಹೋಮ್ ವಿಭಾಗವನ್ನು ನೋಎಕ್ಸೆಕ್ ಆಯ್ಕೆಯೊಂದಿಗೆ ಜೋಡಿಸಿದರೆ ಡೌನ್‌ಲೋಡ್ ಮಾಡಿದ ಪ್ರೋಗ್ರಾಂಗಳು ನೇರವಾಗಿ ಓಡುವುದಿಲ್ಲ. ಖಾತೆಯ ಹೋಮ್ ಫೋಲ್ಡರನ್ನು ಪ್ರತಿ ಬೂಟ್‌ನಲ್ಲೂ ಒಂದು ಮಾದರಿಯಿಂದ ಹೊಸದಾಗಿ ನಕಲು ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಟ್ಟರೆ, ಡೀಪ್ ಫ್ರೀಜ್‌ನ ಮುಕ್ಕಾಲು ಪಾಲು ಲಾಭ ಹಣವಿಲ್ಲದೆ ದಕ್ಕುತ್ತದೆ.

ಕನ್ನಡದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಲಿನಕ್ಸ್‌ನ ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿದ್ಧವಾಗಿಯೇ ಇದೆ, ಆದ್ದರಿಂದ ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಯೂನಿಕೋಡ್ ಟೈಪಿಂಗ್ ಕಷ್ಟವಾಗದು. ಆದರೆ ನುಡಿಯ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಪರಿವರ್ತಿಸದೆ ತೆರೆದರೆ ಕಲಸುಮೇಲೋಗರವಾಗಿ ಕಾಣುತ್ತವೆ. ಕಚೇರಿಯ ಒಂದು ಯಂತ್ರವನ್ನು ವಿಂಡೋಸ್‌ನಲ್ಲೇ ಉಳಿಸಿಕೊಂಡರೆ ಈ ಜಗಳವೇ ಏಳುವುದಿಲ್ಲ.

ಇನ್ನೆರಡು ದಾರಿಗಳು

ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ 4 ಜಿಬಿ ರ್‍ಯಾಮ್, 16 ಜಿಬಿ ಸಂಗ್ರಹದ ಹಳೆಯ ಯಂತ್ರದಲ್ಲೂ ಉಚಿತವಾಗಿ ಓಡುತ್ತದೆ, ತಪ್ಪಿಸಿಕೊಳ್ಳುವ ದಾರಿಗಳೂ ಅದರಲ್ಲಿ ಕಡಿಮೆ. ಆದರೆ ಎಲ್ಲ ಯಂತ್ರಗಳನ್ನೂ ಒಂದೆಡೆಯಿಂದ ನಿಯಂತ್ರಿಸಲು ಹಣ ಕೊಟ್ಟು ಪಡೆಯುವ ಶಿಕ್ಷಣ ಪರವಾನಗಿ ಬೇಕು, ನಿಜವಾದ ಕ್ರೋಮ್‌ಬುಕ್‌ನಲ್ಲಿರುವ ಗೂಗಲ್ ಭದ್ರತಾ ಚಿಪ್ ಇಲ್ಲಿರುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಇಂಟರ್ನೆಟ್ ಇಲ್ಲದಿದ್ದರೆ ಅದರ ಕೈಕಾಲು ಕಟ್ಟಿದಂತಾಗುತ್ತದೆ. ಕುಶಾಲನಗರದಲ್ಲಿ ಸರಿಹೋಗಬಹುದಾದದ್ದು ತಲಕಾವೇರಿಯ ತಪ್ಪಲಿನಲ್ಲಿ ಜುಲೈ ತಿಂಗಳಲ್ಲಿ ಸರಿಹೋಗದು.

ಒಂದು ದೊಡ್ಡ ಯಂತ್ರಕ್ಕೆ ಹಲವು ಪರದೆಗಳನ್ನು ಜೋಡಿಸುವ ಥಿನ್ ಕ್ಲೈಂಟ್ ವ್ಯವಸ್ಥೆಯಲ್ಲಿ ಕಾಯಬೇಕಾದದ್ದು ಒಂದೇ ಯಂತ್ರ, ಅದನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಬಹುದು. ಅದೊಂದು ಕೆಟ್ಟು ನಿಂತ ದಿನ ಇಡೀ ಲ್ಯಾಬ್ ಕತ್ತಲೆ. ಬದಲಿ ಸರ್ವರ್ ಇಡಲಾಗದ ಶಾಲೆ ಇದರ ತಂಟೆಗೆ ಹೋಗಬಾರದು.

ಇಂಟರ್ನೆಟ್ ಶೋಧಕ ಮತ್ತು ಕಣ್ಗಾವಲು

ಯಂತ್ರಕ್ಕೆ ಹಾಕುವ ಬೀಗವೇ ಬೇರೆ, ಜಾಲಕ್ಕೆ ಹಾಕುವ ಜರಡಿಯೇ ಬೇರೆ. ಜರಡಿಯನ್ನು ಪ್ರತಿ ಯಂತ್ರದಲ್ಲಿ ಇಡುವುದಕ್ಕಿಂತ ರೌಟರ್‌ನಲ್ಲಿ ಇಡುವುದು ಮೇಲು. ರೌಟರ್‌ನ ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ಸೇವೆ) ಜಾಗದಲ್ಲಿ ಕ್ಲೌಡ್‌ಫ್ಲೇರ್‌ನ ಕುಟುಂಬ ಸೇವೆಯ 1.1.1.3 ಎಂಬ ವಿಳಾಸವನ್ನು ಕೊಟ್ಟರೆ ವಯಸ್ಕರ ತಾಣಗಳೂ ದುರುದ್ದೇಶದ ತಾಣಗಳೂ ಬಹುಮಟ್ಟಿಗೆ ತೆರೆಯುವುದಿಲ್ಲ. ರೌಟರ್‌ನ ಮೂಲ ಪಾಸ್‌ವರ್ಡನ್ನು ಬದಲಿಸಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ಜರಡಿಗೆ ಎರಡು ಕಳ್ಳದಾರಿಗಳಿವೆ. ಬ್ರೌಸರ್ ತಾನೇ ಗೂಢಲಿಪಿಯ ಡಿಎನ್‌ಎಸ್ ಬಳಸಿ ರೌಟರನ್ನು ಹಾದುಹೋಗಬಲ್ಲದು; ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಪಾಲಿಸಿಯ ಮೂಲಕ ಅದನ್ನು ಮುಚ್ಚಬಹುದು, ಎಕ್ಸ್‌ಟೆನ್ಶನ್ ಹಾಕಿಕೊಳ್ಳುವುದನ್ನೂ ಅಲ್ಲೇ ತಡೆಯಬಹುದು. ಇನ್ನೊಂದು ದಾರಿ ಜೇಬಿನಲ್ಲಿರುವ ಮೊಬೈಲಿನ ಹಾಟ್‌ಸ್ಪಾಟ್. ಲ್ಯಾಬಿನ ಯಂತ್ರಗಳಿಗೆ ಕೇಬಲ್ ಎಳೆದು ವೈಫೈಯನ್ನು ಬಯೋಸ್‌ನಲ್ಲೇ ನಿಷ್ಕ್ರಿಯಗೊಳಿಸಿಬಿಟ್ಟರೆ ಅದರ ಕಥೆ ಬಹುಪಾಲು ಮುಗಿಯುತ್ತದೆ.

ಶಿಕ್ಷಕರ ಯಂತ್ರದಿಂದ ಎಲ್ಲ ಪರದೆಗಳನ್ನೂ ನೋಡಲು ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ವೇಯಾನ್, ಲಿನಕ್ಸ್‌ಗೆ ಎಪಾಪ್ಟೀಸ್ ಎಂಬ ಉಚಿತ, ಮುಕ್ತ ತಂತ್ರಾಂಶಗಳಿವೆ. ಪರದೆಗಳನ್ನು ಒಮ್ಮೆಲೇ ಸ್ಥಗಿತಗೊಳಿಸಿ ಎಲ್ಲರೂ ಬೋರ್ಡಿನ ಕಡೆ ನೋಡುವಂತೆ ಮಾಡುವುದಕ್ಕೇ ನಾನು ಇದನ್ನು ಹೆಚ್ಚು ಬಳಸಿದ್ದು. ಇದು ಬೀಗವಲ್ಲ, ಶಿಕ್ಷಕರು ಕೋಣೆಯಲ್ಲಿಲ್ಲದಾಗ ಇದರಿಂದ ಪ್ರಯೋಜನವೂ ಇಲ್ಲ. ಬಳಸುವುದಾದರೆ ಮಕ್ಕಳಿಗೂ ಪೋಷಕರ ಸಭೆಯಲ್ಲೂ ಮುಂಚಿತವಾಗಿ ತಿಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಪರದೆಯ ಚಿತ್ರಗಳನ್ನು ಉಳಿಸಿಡುವ ಅಗತ್ಯ ಯಾವ ತರಗತಿಗೂ ಬರುವುದಿಲ್ಲ.

ಯಾರಿಗೆ ಯಾವುದು

ಹತ್ತು ಹದಿನೈದು ಹಳೆಯ ಯಂತ್ರಗಳಿರುವ, ಬೇರೆ ವಿಷಯದ ಶಿಕ್ಷಕರೇ ಲ್ಯಾಬ್ ನೋಡಿಕೊಳ್ಳುವ ಸರ್ಕಾರಿ ಪ್ರೌಢಶಾಲೆಗೆ ನಾನು ತಳಪಾಯದ ಮೂರು ಕೆಲಸ, ಹಗುರವಾದ ಲಿನಕ್ಸ್, ಗ್ರಬ್ ಪಾಸ್‌ವರ್ಡ್ ಮತ್ತು ಹೋಮ್ ಫೋಲ್ಡರನ್ನು ಮರಳಿಸುವ ಸ್ಕ್ರಿಪ್ಟನ್ನು ಸೂಚಿಸುತ್ತೇನೆ. ಸಿದ್ಧವಾದ ಒಂದು ಯಂತ್ರದ ಪೂರ್ಣ ಪ್ರತಿಯನ್ನು ಕ್ಲೋನ್‌ಜಿಲ್ಲಾ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ತೆಗೆದಿಟ್ಟುಕೊಂಡರೆ, ಒಂದು ಕೆಟ್ಟಾಗ ಒಂದು ಪಿರಿಯಡ್ಡಿನೊಳಗೆ ಅದನ್ನು ಮತ್ತೆ ನಿಲ್ಲಿಸಬಹುದು. ಆ ಪೆನ್‌ಡ್ರೈವ್ ಕೂಡ ಬೀರುವಿನಲ್ಲೇ ಇರಲಿ.

ಇಪ್ಪತ್ತೈದು ಮೂವತ್ತು ಹೊಸ ಯಂತ್ರಗಳೂ ಕಂಪ್ಯೂಟರ್ ಶಿಕ್ಷಕರೂ ಇರುವ ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿಯಂಥ ಪೇಟೆಯ ಶಾಲೆಗೆ ವಿಂಡೋಸ್‌ನ ಎಜುಕೇಶನ್ ಆವೃತ್ತಿ, ಆ್ಯಪ್‌ಲಾಕರ್, ಮರುಸ್ಥಿತಿಯ ತಂತ್ರಾಂಶ ಮೂರೂ ಒಟ್ಟಿಗೆ ಹೊಂದುತ್ತವೆ. ಹಣ ಸಾಲದಿದ್ದರೆ ಕೈಬಿಡಬೇಕಾದದ್ದು ಡೀಪ್ ಫ್ರೀಜ್, ಆ್ಯಪ್‌ಲಾಕರ್ ಅಲ್ಲ. ಆ ಜಾಗಕ್ಕೆ ರೈಟ್ ಫಿಲ್ಟರ್ ಬರಬಹುದು.

ವಸತಿ ಶಾಲೆಗಳ ಕಷ್ಟ ಬೇರೆ. ಅಲ್ಲಿ ಸಂಜೆ, ಭಾನುವಾರ, ಮಳೆಯ ರಜೆ ಎಲ್ಲವೂ ಮಕ್ಕಳದ್ದೇ, ಪ್ರಯೋಗ ಮಾಡಲು ಸಮಯ ಬೇಕಾದಷ್ಟಿರುತ್ತದೆ. ಅಲ್ಲಿ ಡಬ್ಬಿಯ ಬೀಗವನ್ನೂ ಕೋಣೆಯ ಬೀಗವನ್ನೂ ಮೊದಲು ಗಟ್ಟಿ ಮಾಡಬೇಕು. ಅದರ ಜೊತೆಗೆ ಎರಡು ಯಂತ್ರಗಳನ್ನು ಜಾಲದಿಂದ ಕಳಚಿ, ಬೀಗವಿಲ್ಲದೆ, ಕೆಡಿಸಿ ಕಟ್ಟಲೆಂದೇ ಮಕ್ಕಳಿಗೆ ಬಿಡುವುದೂ ಒಳ್ಳೆಯದು. ಕೈಗೆ ಕೆಲಸ ಸಿಕ್ಕಿದ ಹುಡುಗ ಉಳಿದ ಯಂತ್ರಗಳ ಮೇಲೆ ಕಣ್ಣು ಹಾಕುವುದು ಕಡಿಮೆ.

ಯಾವ ದಾರಿ ಹಿಡಿದರೂ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಹಾಕಬೇಡಿ. ಒಂದೇ ಒಂದು ಯಂತ್ರವನ್ನು ಸಿದ್ಧಪಡಿಸಿ, ತರಗತಿಯಲ್ಲಿ ಇದಕ್ಕೆ ಹೆಸರಾದ ಇಬ್ಬರನ್ನು ಕರೆದು, ‘ಒಂದು ವಾರ ನನ್ನ ಅನುಮತಿಯ ಮೇರೆಗೆ ಇದನ್ನು ದಾಟಲು ನೋಡಿ, ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ದಾಟಿದರೆ ಹೇಗೆಂದು ನೋಟ್ ಪುಸ್ತಕದಲ್ಲಿ ಬರೆದುಕೊಡಿ’ ಎಂದು ಹೇಳಿ. ಕಾಲವಲಯದ ಹುಡುಗನಿಗೆ ನಾನು ಕೊನೆಗೆ ಕೊಟ್ಟ ಕೆಲಸ ಇದೇ. ಅವನು ವಾರದ ಕೊನೆಗೆ ಒಂದೂವರೆ ಪುಟ ಬರೆದುಕೊಟ್ಟ. ಅದರಲ್ಲಿ ಮೂರು ದಾರಿಗಳಿದ್ದವು, ಎರಡು ನನಗೆ ಗೊತ್ತಿರಲಿಲ್ಲ. ಉಳಿದ ಹನ್ನೊಂದು ಯಂತ್ರಗಳಿಗೆ ಬೀಗ ಹಾಕಿದ್ದು ಆ ಎರಡನ್ನೂ ಮುಚ್ಚಿದ ಮೇಲೆಯೇ.